ಐಬೀರಿಯಾದ ಕುದುರೆಗಳು: ಆನ್‌ಲೈನ್ ಆಟ ತೋರಿಸುವುದೆಷ್ಟು, ಬಿಡುವುದೆಷ್ಟು

ರೆಡ್ ಡೆಡ್ ರಿಡೆಂಪ್ಶನ್ 2 ಆಡಿದವರಿಗೆ ಸ್ಪೇನಿನ ಆಂಡಲೂಸಿಯನ್ ಕುದುರೆಯ ಪರಿಚಯ ಇದ್ದೇ ಇರುತ್ತದೆ. 2018ರಲ್ಲಿ ಬಂದ ಈ ಆಟದಲ್ಲಿ ಅದು ಮೂರು ಬಣ್ಣಗಳಲ್ಲಿ ಸಿಗುತ್ತದೆ: ಕಡುಗಂದು, ನಸುಗೆಂಪು ಬೆರೆತ ಬೂದು, ಪರ್ಲಿನೊ ಎಂಬ ಕೆನೆಬಣ್ಣ. ಆಟದವರು ಅದನ್ನು ಯುದ್ಧದ ಕುದುರೆಗಳ ಸಾಲಿಗೆ ಸೇರಿಸಿದ್ದಾರೆ. ಗಟ್ಟಿ ಮೈ, ಒಳ್ಳೆಯ ದಮ್ಮು, ಓಟದಲ್ಲಿ ಮಾತ್ರ ರೇಸಿನ ತಳಿಗಳಿಗಿಂತ ಹಿಂದೆ. ಸ್ವೀಡನ್ನಿನ ಸ್ಟಾರ್ ಸ್ಟೇಬಲ್ ಆಟದಲ್ಲಿ ಆಂಡಲೂಸಿಯನ್ ಜೊತೆಗೆ ಪೋರ್ಚುಗಲ್ಲಿನ ಲುಸಿಟಾನೊ ಕೂಡ ಮಾರಾಟಕ್ಕಿದೆ. ಫ್ರಾನ್ಸಿನಲ್ಲಿ 2005ರಲ್ಲಿ ಶುರುವಾದ ಹೌರ್ಸ್ ಆಟದಲ್ಲಿ ಇವುಗಳನ್ನು ಸಾಕಿ ಮರಿ ಮಾಡಿಸಬಹುದು. ಹಾರ್ಸ್ ರಿಯಾಲಿಟಿ ಎಂಬ ಬ್ರೌಸರ್ ಆಟದಲ್ಲಂತೂ ಯಾವ ಗಂಡಿಗೆ ಯಾವ ಹೆಣ್ಣು ಕೂಡಿದರೆ ಎಂಥ ಬಣ್ಣದ ಮರಿ ಬರುತ್ತದೆ ಎಂದು ಜೀನ್ (ವಂಶವಾಹಿ) ಹಿಡಿದು ಲೆಕ್ಕ ಹಾಕುತ್ತಾರೆ.

ನಮ್ಮಲ್ಲಿ ಕುದುರೆ ಎಂದರೆ ರೇಸ್ ಕೋರ್ಸಿನ ಥರೋಬ್ರೆಡ್, ಕುಣಿಗಲ್ಲಿನ ಸ್ಟಡ್ ಫಾರ್ಮ್, ದಸರಾ ಮೆರವಣಿಗೆಯ ಅಶ್ವದಳ, ಮದುವೆಯ ದಿಬ್ಬಣ. ಐಬೀರಿಯಾದ, ಅಂದರೆ ಸ್ಪೇನ್-ಪೋರ್ಚುಗಲ್ ನಾಡಿನ, ತಳಿಗಳ ಹೆಸರು ಇಲ್ಲಿನ ಹುಡುಗ ಹುಡುಗಿಯರ ಬಾಯಿಗೆ ಬಂದಿದ್ದರೆ ಅದು ಬಹುಮಟ್ಟಿಗೆ ಆಟಗಳಿಂದಲೇ. ರೆಡ್ ಡೆಡ್ ಕಟ್ಟಿದ ಕೈಗಳಲ್ಲಿ ನಮ್ಮವರವೂ ಇವೆ. ರಾಕ್‌ಸ್ಟಾರ್ ಕಂಪನಿಯ ಬೆಂಗಳೂರು ಸ್ಟುಡಿಯೊ ಆ ಕೆಲಸದಲ್ಲಿ ಪಾಲ್ಗೊಂಡಿತ್ತು. ಹೀಗಾಗಿ ಇಂಥ ಆಟಗಳು ಕುದುರೆಯ ಬಗ್ಗೆ ಏನನ್ನು ಕಲಿಸುತ್ತಿವೆ, ಏನನ್ನು ಕೈಬಿಡುತ್ತಿವೆ ಎಂದು ಕೇಳುವುದು ನಮಗೂ ಸಂಬಂಧಪಟ್ಟ ವಿಚಾರ.

ನಾನು ಕಂಡಂತೆ ಮೈಕಟ್ಟು, ನಡಿಗೆ, ಬಣ್ಣ ಇವುಗಳಲ್ಲಿ ಆಟದವರ ಶ್ರದ್ಧೆ ಮೆಚ್ಚುವಂಥದ್ದು. ಅವರು ಎಡವುವುದು ತಳಿ ಎಂದರೇನು ಎನ್ನುವಲ್ಲಿ. ಆಟದೊಳಗೆ ತಳಿ ಎಂದರೆ ದುಡ್ಡು ಕೊಟ್ಟು ಪಡೆಯುವ ಒಂದು ರೂಪ, ಅದಕ್ಕೆ ಅಂಟಿಸಿದ ನಾಲ್ಕು ಅಂಕಗಳು. ನಿಜದ ಲಾಯದಲ್ಲಿ ತಳಿ ಎಂದರೆ ಒಂದು ಕೆಲಸ, ಆ ಕೆಲಸಕ್ಕಾಗಿ ತಲೆಮಾರುಗಳಿಂದ ನಡೆದ ಆಯ್ಕೆ, ಅದನ್ನು ಬರೆದಿಟ್ಟ ದಫ್ತರ, ಮುಂದಿನ ಪೀಳಿಗೆಗೆ ಸಾಕಾಗುವಷ್ಟು ಸಂಖ್ಯೆಯ, ಪರಸ್ಪರ ತೀರಾ ಹತ್ತಿರದ ರಕ್ತವಲ್ಲದ ಕುದುರೆಗಳು. ಇವುಗಳಲ್ಲಿ ಒಂದು ಕಳಚಿದರೂ ತಳಿ ಕುಸಿಯುತ್ತದೆ.

ಮೊದಲು ಕೆಲಸದ ಮಾತು. ಆಂಡಲೂಸಿಯನ್ ಕುದುರೆಯನ್ನು ಪಕ್ಕದಿಂದ ನೋಡಿದರೆ ಮೂಗಿನ ಗೆರೆ ತುಸು ಉಬ್ಬಿರುತ್ತದೆ, ದಪ್ಪ ಕುತ್ತಿಗೆ ಕಮಾನಾಗಿ ಬಾಗಿರುತ್ತದೆ, ಬೆನ್ನು ಗಿಡ್ಡ. ಹೆಜ್ಜೆ ಇಡುವಾಗ ಹಿಂಗಾಲು ಹೊಟ್ಟೆಯ ಕೆಳಗೆ ಒಳಕ್ಕೆ ಬರುತ್ತದೆ. ಭಾರವನ್ನು ಹಿಂಗಾಲು ಹೊತ್ತುಕೊಂಡಾಗ ಮುಂಭಾಗ ಹಗುರಾಗಿ, ಕುದುರೆ ನಿಂತ ನಿಲುವಿನಲ್ಲೇ ತಿರುಗಬಲ್ಲದು, ಓಡುತ್ತಿದ್ದದ್ದು ತಟ್ಟನೆ ನಿಲ್ಲಬಲ್ಲದು, ಮರುಕ್ಷಣವೇ ಮುನ್ನುಗ್ಗಬಲ್ಲದು. ಈ ಗುಣ ಬೇಕಾಗಿದ್ದದ್ದು ಕತ್ತಿ ಈಟಿ ಹಿಡಿದ ಸವಾರನಿಗೆ. ಉತ್ತರ ಆಫ್ರಿಕಾದ ಬರ್ಬರ್ ಸವಾರರಿಂದ ಐಬೀರಿಯಾಕ್ಕೆ ಬಂದ ಜಿನೇಟಾ ಶೈಲಿಯಲ್ಲಿ ರಿಕಾಪನ್ನು ಗಿಡ್ಡ ಮಾಡಿಕೊಂಡು, ಮಂಡಿ ಮಡಿಸಿ ಕೂತು, ಸರಕ್ಕನೆ ನುಗ್ಗಿ ಸರಕ್ಕನೆ ಹಿಂದೆ ಸರಿಯುತ್ತಿದ್ದರು. ಯುದ್ಧ ಹೋದ ಮೇಲೆ ಅದೇ ಗುಣ ದನ ಕಾಯಲು ಒದಗಿತು. ಆಂಡಲೂಸಿಯಾದ ಗೂಳಿ ಸಾಕುವ ಬಯಲುಗಳಲ್ಲಿ ಗರ್ರೋಚಾ ಎಂಬ ಉದ್ದನೆಯ ಕೋಲನ್ನು ಒಂದು ಕೈಯಲ್ಲಿ, ಲಗಾಮನ್ನು ಇನ್ನೊಂದು ಕೈಯಲ್ಲಿ ಹಿಡಿದು ಗೂಳಿಗಳನ್ನು ಬೇರ್ಪಡಿಸುತ್ತಾರೆ. ಕೊಂಬಿನ ಮುಂದೆ ಕುದುರೆ ಅರೆಗಳಿಗೆ ತಡವರಿಸಿದರೂ ಅಪಾಯ.

ಪೋರ್ಚುಗಲ್ಲಿನ ಲುಸಿಟಾನೊ ತಳಿಯ ಧೈರ್ಯ, ಚುರುಕು ಎರಡನ್ನೂ ಹೆಚ್ಚಾಗಿ ತಿದ್ದಿದ್ದು ಕುದುರೆ ಏರಿ ನಡೆಸುವ ಗೂಳಿಕಾಳಗ. ಅಖಾಡದಲ್ಲಿ ಗೂಳಿಯನ್ನು ಕೊಲ್ಲುವುದನ್ನು ಆ ದೇಶ 1928ರಲ್ಲೇ ನಿಷೇಧಿಸಿದರೂ ಕಾಳಗ ಇನ್ನೂ ನಡೆಯುತ್ತಿದೆ, ಗೂಳಿಯ ಬೆನ್ನಿಗೆ ಈಟಿಮೊನೆ ಚುಚ್ಚುವುದೂ ನಡೆಯುತ್ತಿದೆ. ಅದು ಹಿಂಸೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಲುಸಿಟಾನೊ ಇಂದು ಇರುವಂತೆ ಇರುವುದಕ್ಕೆ ಆ ಅಖಾಡವೇ ಕಾರಣ. ಸ್ಟಾರ್ ಸ್ಟೇಬಲ್‌ನಲ್ಲಿ ಲುಸಿಟಾನೊ ಕೊಳ್ಳುವ ಹನ್ನೆರಡರ ಹುಡುಗಿಗೆ ಇದನ್ನೆಲ್ಲ ತೋರಿಸಬೇಕೆಂದಲ್ಲ. ಇಂಥ ಇತಿಹಾಸವೊಂದಿದೆ ಎಂಬ ಸುಳಿವಾದರೂ ಸಿಗಬೇಕು.

ಸ್ಪೇನಿನ ದೊರೆ ಎರಡನೆಯ ಫಿಲಿಪ್ 1567ರಲ್ಲಿ ಕೊರ್ಡೊಬಾದಲ್ಲಿ ರಾಜಲಾಯಕ್ಕೆ ಚಾಲನೆ ಕೊಟ್ಟು, ಆರಿಸಿದ ಗಂಡು ಹೆಣ್ಣು ಕುದುರೆಗಳನ್ನು ಒಂದೆಡೆ ಸೇರಿಸಿ ವ್ಯವಸ್ಥಿತವಾಗಿ ತಳಿ ಬೆಳೆಸಲು ಮುಂದಾದ. ಮುಂದಿನ ಇನ್ನೂರು ವರ್ಷ ಯುರೋಪಿನ ಅರಮನೆಗಳಿಗೆ ಸ್ಪ್ಯಾನಿಷ್ ಕುದುರೆಯೇ ಬೇಕು ಎಂಬ ಹಟ. ಇಂದಿನ ಜೆಕ್ ದೇಶದ ಕ್ಲಾಡ್ರುಬಿಯಲ್ಲಿ 1579ರಲ್ಲಿ, ಸ್ಲೊವೇನಿಯಾದ ಲಿಪಿಕಾದಲ್ಲಿ 1580ರಲ್ಲಿ ಶುರುವಾದ ಲಾಯಗಳು ಸ್ಪ್ಯಾನಿಷ್ ರಕ್ತದ ಮೇಲೆಯೇ ನಿಂತವು. ವಿಯೆನ್ನಾದ ಪ್ರಸಿದ್ಧ ಸವಾರಿ ಶಾಲೆ ಇವತ್ತಿಗೂ 'ಸ್ಪ್ಯಾನಿಷ್ ಶಾಲೆ' ಎಂದೇ ಕರೆಸಿಕೊಳ್ಳುತ್ತದೆ, ಅಲ್ಲಿ ಕುಣಿಯುವುದು ಲಿಪಿಜಾನರ್ ಕುದುರೆಗಳಾದರೂ. ರೆಡ್ ಡೆಡ್‌ನ ಆನ್‌ಲೈನ್ ಆವೃತ್ತಿಯಲ್ಲಿ ಕ್ಲಾಡ್ರೂಬರ್ ಕೂಡ ಕೊಳ್ಳಲು ಸಿಗುತ್ತದೆ. ಅದಕ್ಕೂ ಆಂಡಲೂಸಿಯನ್ನಿಗೂ ಇರುವ ನೆಂಟಸ್ತಿಕೆಯನ್ನು ಮಾತ್ರ ಆಟ ಹೇಳುವುದಿಲ್ಲ.

ಆಟದ ಇನ್ನೊಂದು ಆಯ್ಕೆ ಇದಕ್ಕಿಂತ ಕುತೂಹಲದ್ದು. ಕಥೆ ನಡೆಯುವುದು 1899ರ ಅಮೆರಿಕದಲ್ಲಿ. ಅಮೆರಿಕ ಖಂಡದಲ್ಲಿ ಕುದುರೆ ಸಾವಿರಾರು ವರ್ಷಗಳ ಹಿಂದೆಯೇ ಅಳಿದುಹೋಗಿತ್ತು. 1493ರಲ್ಲಿ ಕೊಲಂಬಸ್ ತನ್ನ ಎರಡನೆಯ ಯಾನದಲ್ಲಿ ಹಡಗು ಹತ್ತಿಸಿಕೊಂಡು ಹೋದ ಕುದುರೆಗಳಿಂದ ಅಲ್ಲಿ ಅದರ ಹೊಸ ಚರಿತ್ರೆ ಶುರುವಾಯಿತು. ಮಸ್ಟಾಂಗ್, ಕ್ರಿಯೊಲೊ, ಪಾಸೊ ಫೀನೊ ಎಲ್ಲದರ ಬೇರು ಐಬೀರಿಯಾದಲ್ಲಿದೆ. ದಾಖಲೆಯುಳ್ಳ ಶುದ್ಧ ಆಂಡಲೂಸಿಯನ್ ಕುದುರೆಗಳು ಸ್ಪೇನಿನಿಂದ ಅಮೆರಿಕಕ್ಕೆ ಹೇಳಿಕೊಳ್ಳುವಂತೆ ಬಂದದ್ದು 1960ರ ದಶಕದಿಂದ ಈಚೆಗೆ. ಅಂದರೆ 1899ರಲ್ಲಿ ಅಲ್ಲಿನ ಹುಲ್ಲುಗಾವಲಿನಲ್ಲಿ ಇದ್ದ ನಿಜವಾದ ಐಬೀರಿಯನ್ ಕುದುರೆ ಮಸ್ಟಾಂಗ್. ಅದೇ ಆಟದಲ್ಲಿ ಅದು ಕಾಡಿನಲ್ಲಿ ಪುಕ್ಕಟೆ ಸಿಗುತ್ತದೆ.

ಪೋರ್ಚುಗೀಸರು ಎಂದ ಕೂಡಲೇ ಕನ್ನಡಿಗರಿಗೆ ವಿಜಯನಗರದ ಕುದುರೆ ವ್ಯಾಪಾರ ನೆನಪಾಗುವುದು ಸಹಜ. ಅಲ್ಲಿಗೆ ಬಂದಿದ್ದ ಪೋರ್ಚುಗೀಸ್ ಫೆರ್ನಾವ್ ನೂನಿಜ್ ಸ್ವತಃ ಕುದುರೆ ವ್ಯಾಪಾರಿ. ವಿಜಯನಗರದ ಅರಸ ವರ್ಷಕ್ಕೆ ಹದಿಮೂರು ಸಾವಿರ ಕುದುರೆ ಕೊಳ್ಳುತ್ತಿದ್ದ ಎಂದು ಬರೆದಿಟ್ಟವನು ಅವನೇ. ಆದರೆ ಗೋವಾದ ಬಂದರಿಗೆ ಬಂದಿಳಿದು ಹಂಪಿ ಸೇರುತ್ತಿದ್ದವು ಹೋರ್ಮುಜ್ ಕಡೆಯ ಅರಬ್ಬಿ, ಪರ್ಷಿಯನ್ ಕುದುರೆಗಳು. ಹಜಾರರಾಮ ದೇವಾಲಯದ ಹೊರಗೋಡೆಯ ಮೇಲೆ ಸಾಲಾಗಿ ನಡೆಯುವ ಕುದುರೆಗಳಲ್ಲಿ ಲುಸಿಟಾನೊ ಹುಡುಕುವುದು ಬೇಡ.

ಪಿಯಾಫ್ ಎಂಬ ನಡೆಯನ್ನು ನೋಡಿ. ಕುದುರೆ ಒಂದಡಿಯೂ ಮುಂದೆ ಹೋಗದೆ, ನಿಂತಲ್ಲೇ, ಒಂದು ಮುಂಗಾಲು ಮತ್ತು ಅದರ ಎದುರು ಬದಿಯ ಹಿಂಗಾಲನ್ನು ಜೋಡಿಯಾಗಿ ಎತ್ತಿ ಎತ್ತಿ ತಾಳಬದ್ಧವಾಗಿ ಹೆಜ್ಜೆ ಹಾಕುತ್ತದೆ. ಹಿಂಗಾಲಿನ ಕೀಲುಗಳು ಮಡಿದು ಸೊಂಟ ತಗ್ಗಬೇಕು, ಬೆನ್ನು ಬಿಗಿಯಬಾರದು. ಆಲ್ವಾರೊ ಡೊಮೆಕ್ ರೊಮೆರೊ 1973ರಲ್ಲಿ ಹೆರೆಸ್‌ನಲ್ಲಿ ಕಟ್ಟಿದ ಆಂಡಲೂಸಿಯಾದ ರಾಜ ಅಶ್ವಕಲಾ ಶಾಲೆಯಲ್ಲಿ ಇದಕ್ಕೆ ವರ್ಷಗಳ ತಾಲೀಮು. ಸವಾರ ಮೊದಲು ನೆಲದ ಮೇಲೆ ನಿಂತು ಉದ್ದ ಲಗಾಮು ಹಿಡಿದು ಕಲಿಸುತ್ತಾನೆ, ಆಮೇಲೆ ಕುದುರೆ ಏರಿ. ರೆಡ್ ಡೆಡ್‌ನಲ್ಲಿ ನಿಮ್ಮ ಕುದುರೆಯ ಜೊತೆಗಿನ ಒಡನಾಟ ನಾಲ್ಕನೇ ಹಂತ ಮುಟ್ಟಿದರೆ ಗುಂಡಿ ಒತ್ತಿದ ಕೂಡಲೇ ಅದು ಇಂಥ ಹೆಜ್ಜೆ ಹಾಕುತ್ತದೆ, ಯಾವ ತಳಿಯದ್ದಾದರೂ ಸರಿ. ಮೈದಡವಿ, ಮೇವು ತಿನ್ನಿಸಿ, ಮೈ ಉಜ್ಜಿದರೆ ಕುದುರೆ ಹತ್ತಿರವಾಗುತ್ತದೆ ಎಂಬ ಪಾಠ ಒಳ್ಳೆಯದೇ. ಆದರೆ ಐಬೀರಿಯಾದ ಕುದುರೆಯನ್ನು ಬೇರೆಯದರಿಂದ ಬೇರ್ಪಡಿಸುವುದೇ ಭಾರವನ್ನು ಹಿಂಗಾಲಿಗೆ ಹಾಕಿಕೊಳ್ಳುವ ಆ ಸಹಜ ಶಕ್ತಿ. ಎಲ್ಲ ಕುದುರೆಗೂ ಅದು ಒಂದೇ ಸಮ ಎಂದಾಗ ತಳಿಯಲ್ಲಿ ಉಳಿಯುವುದು ಬಣ್ಣ ಮಾತ್ರ.

ಈ ಶಕ್ತಿಗೆ ಇಂದಿನ ಕ್ರೀಡೆಯಲ್ಲೂ ಬೆಲೆ ಇದೆ. ಒಲಿಂಪಿಕ್ಸಿನಲ್ಲಿ ಕುದುರೆಯ ನಡೆಗಳಿಗೆ ಅಂಕ ಕೊಡುವ ಡ್ರೆಸಾಜ್ ಸ್ಪರ್ಧೆಯಲ್ಲಿ ಜರ್ಮನಿ, ನೆದರ್ಲೆಂಡ್ಸಿನ ಉದ್ದ ಹೆಜ್ಜೆಯ ವಾರ್ಮ್‌ಬ್ಲಡ್ ಕುದುರೆಗಳದ್ದೇ ಮೇಲುಗೈ. ಆದರೆ 2004ರ ಅಥೆನ್ಸಿನಲ್ಲಿ ಸ್ಪೇನ್ ತಂಡ ಬೆಳ್ಳಿ ಗೆದ್ದಾಗ ಅದರ ನಾಲ್ಕು ಕುದುರೆಗಳಲ್ಲಿ ಮೂರು ಅಪ್ಪಟ ಸ್ಪ್ಯಾನಿಷ್ ತಳಿಯವು, ಅಂದರೆ ಆಂಡಲೂಸಿಯನ್. 2012ರ ಲಂಡನ್ನಿನಲ್ಲಿ ಗೊನ್ಸಾಲೊ ಕರ್ವಾಲೊ ಏರಿದ ರುಬಿ ಎಂಬ ಲುಸಿಟಾನೊ ಅಂತಿಮ ಸುತ್ತು ಸೇರಿತು. ಅದು ಹುಟ್ಟಿದ್ದು ಬ್ರಗಾನ್ಸಾ ರಾಜಮನೆತನ 1748ರಲ್ಲಿ ಸ್ಥಾಪಿಸಿದ ಆಲ್ಟರ್ ಲಾಯದಲ್ಲಿ. ಪೋರ್ಚುಗಲ್ಲಿನ ಅಶ್ವಕಲೆಯನ್ನು ಯುನೆಸ್ಕೊ 2024ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ಬಣ್ಣದ ಮಾತು. ಆಟದ ಆರ್ಥಿಕತೆ ನಿಂತಿರುವುದೇ ಬಣ್ಣದ ಮೇಲೆ. ಒಂದೇ ತಳಿ, ಒಂದೇ ಚಲನೆ, ಹೊಸ ಬಣ್ಣ, ಹೊಸ ಬೆಲೆ. ರೆಡ್ ಡೆಡ್‌ನ ನಸುಗೆಂಪು ಬೂದು ಆಂಡಲೂಸಿಯನ್ ಎಷ್ಟು ಕಾಲ ಸಾಕಿದರೂ ಹಾಗೆಯೇ ಇರುತ್ತದೆ. ನಿಜದಲ್ಲಿ ಅದೊಂದು ಬಣ್ಣವೇ ಅಲ್ಲ, ಒಂದು ವಯಸ್ಸು. ಬೂದು ಜೀನ್ ಪಡೆದ ಮರಿ ಹುಟ್ಟುವಾಗ ಕಪ್ಪಗೋ ಕಂದಾಗಿಯೋ ಇರುತ್ತದೆ. ಮೊದಲು ಕಣ್ಣಿನ ಸುತ್ತ ಬಿಳಿ ಕೂದಲು ಮೂಡುತ್ತವೆ. ಎರಡು ಮೂರು ವರ್ಷಕ್ಕೆ ಕಂದು ಬಿಳಿ ಬೆರೆತು ಆ ನಸುಗೆಂಪು ಛಾಯೆ ಬರುತ್ತದೆ, ಆಮೇಲೆ ಮೈಮೇಲೆ ದುಂಡು ದುಂಡು ಮಚ್ಚೆಗಳು, ಹತ್ತರ ಸುಮಾರಿಗೆ ಪೂರ್ತಿ ಬೆಳ್ಳಗೆ. ಚಿತ್ರಗಳಲ್ಲಿ ಕಾಣುವ ಬಿಳಿ ಆಂಡಲೂಸಿಯನ್ ಕುದುರೆಗಳ ಚರ್ಮ ಒಳಗೆ ಕಪ್ಪು.

ಇದಕ್ಕೆ ಕಾರಣವಾದ ರೂಪಾಂತರವನ್ನು ವಿಜ್ಞಾನಿಗಳು 2008ರಲ್ಲಿ ಗುರುತಿಸಿದರು: ಎಸ್‌ಟಿಎಕ್ಸ್17 ಎಂಬ ಜೀನಿನೊಳಗೆ ಡಿಎನ್‌ಎಯ ಒಂದು ತುಣುಕು ಎರಡೆರಡು ಸಲ ನಕಲಾಗಿದೆ. ಅದೇ ರೂಪಾಂತರ ಚರ್ಮದ ಗೆಡ್ಡೆಗೂ ದಾರಿ ಮಾಡುತ್ತದೆ. ಹದಿನೈದು ವರ್ಷ ದಾಟಿದ ಬೂದು ಕುದುರೆಗಳಲ್ಲಿ ಹೆಚ್ಚಿನವಕ್ಕೆ ಬಾಲದ ಕೆಳಗೆ, ಗುದದ ಸುತ್ತ, ತುಟಿಯ ಬಳಿ ಮೆಲನೋಮಾ ಗಂಟುಗಳು ಕಾಣಿಸಿಕೊಳ್ಳುತ್ತವೆ. ಹಲವು ವರ್ಷ ತೊಂದರೆ ಕೊಡದೆ ಇದ್ದು ಕೆಲವು ಕುದುರೆಗಳಲ್ಲಿ ಆಮೇಲೆ ಒಳಗೆ ಹರಡುತ್ತವೆ. 2024ರಲ್ಲಿ ಗೊತ್ತಾದ ಇನ್ನೊಂದು ವಿಷಯ: ನಕಲು ಎರಡಿದ್ದರೆ ಕುದುರೆ ನಿಧಾನವಾಗಿ ಬೆಳ್ಳಗಾಗುತ್ತದೆ, ಮೂರಿದ್ದರೆ ಬೇಗ ಬೆಳ್ಳಗಾಗುತ್ತದೆ, ಕ್ಯಾನ್ಸರಿನ ಅಪಾಯ ಹೆಚ್ಚುವುದು ಈ ಎರಡನೆಯ ಬಗೆಯಲ್ಲಿ. ಬಿಳಿ ಕುದುರೆ ರಾಜಗಾಂಭೀರ್ಯದ ಗುರುತು ಎಂಬ ಶತಮಾನಗಳ ಆಸೆಯೇ ಈ ತಳಿಯಲ್ಲಿ ಬೂದು ಬಣ್ಣವನ್ನು ತುಂಬಿದ್ದು. ಬೆಲೆ ತೆರುತ್ತಿರುವುದು ಕುದುರೆ.

ಕೆಂಪುಕಂದು ಬಣ್ಣದ ಕಥೆ ಇನ್ನೊಂದು ಬಗೆಯದು. ಸ್ಪೇನಿನ ತಳಿ ದಫ್ತರ ಅಂಥ ಕುದುರೆಗಳನ್ನು ಬಹಳ ಕಾಲ ಹೊರಗಿಟ್ಟಿತ್ತು, ಅಪ್ಪ ಅಮ್ಮ ಇಬ್ಬರೂ ಅಪ್ಪಟ ತಳಿಯವರಾಗಿದ್ದರೂ. ಈ ಶತಮಾನದ ಆರಂಭದಲ್ಲಷ್ಟೇ ಆ ಬಾಗಿಲು ತೆರೆಯಿತು. ಅತ್ತ ಕೆನೆಬಣ್ಣದ, ಮುತ್ತಿನ ಛಾಯೆಯ ಕುದುರೆಗಳಿಗೆ ಈಗ ಬೇಡಿಕೆ ಹೆಚ್ಚು. ಆಟದ ಪರ್ಲಿನೊ ಕಲ್ಪನೆಯ ಕೂಸಲ್ಲ. ಕಂದು ಮೈಬಣ್ಣದ ಮೇಲೆ ಕ್ರೀಮ್ ಜೀನಿನ ಎರಡು ಪ್ರತಿ ಸೇರಿದರೆ ಅದು ಹುಟ್ಟುತ್ತದೆ. ಆದರೆ ಅಪರೂಪದ ಬಣ್ಣವೇ ಮೇಲು ಎಂದು ಆಟ ಹೇಳಿಕೊಡುವಾಗ, ಬಣ್ಣಕ್ಕಾಗಿಯೇ ತಳಿ ಬೆಳೆಸುವ ನಿಜದ ಮಾರುಕಟ್ಟೆಗೆ ಅದು ಗಿರಾಕಿಗಳನ್ನು ತಯಾರು ಮಾಡುತ್ತಿದೆ ಎಂಬ ಆತಂಕ ನನಗಿದೆ. ಬಣ್ಣದ ಬೆನ್ನು ಹತ್ತಿದವರು ಕಾಲಿನ ಕಟ್ಟು, ಸ್ವಭಾವ, ಆರೋಗ್ಯ ಇವನ್ನು ಎರಡನೇ ಸಾಲಿಗೆ ತಳ್ಳುತ್ತಾರೆ.

ದಫ್ತರ ಎಂದೆನಲ್ಲ, ಆಟ ಮತ್ತು ವಾಸ್ತವ ನೇರವಾಗಿ ಮುಖಾಮುಖಿಯಾಗುವುದು ಅಲ್ಲಿಯೇ. ಸ್ಪೇನಿನ ತಳಿ ಪುಸ್ತಕ ಶುರುವಾದದ್ದು 1912ರಲ್ಲಿ. ಅಲ್ಲಿಂದ ಮುಂದೆ 'ಆಂಡಲೂಸಿಯನ್' ಬದಲು 'ಶುದ್ಧ ಸ್ಪ್ಯಾನಿಷ್ ತಳಿ' ಎಂಬುದೇ ಅಧಿಕೃತ ಹೆಸರು. ಬಹುಕಾಲ ಅದನ್ನು ನೋಡಿಕೊಂಡದ್ದು ಸೈನ್ಯದ ಅಶ್ವಪಾಲನೆ ವಿಭಾಗ. 2007ರಿಂದ ಸಾಕಣೆದಾರರ ರಾಷ್ಟ್ರೀಯ ಸಂಘ ಆಂಕೆ ಸರ್ಕಾರದ ಪರವಾಗಿ ನಿರ್ವಹಿಸುತ್ತಿದೆ. ಪೋರ್ಚುಗಲ್ಲಿನ ಲುಸಿಟಾನೊ 1960ರ ದಶಕದಲ್ಲಿ ತನ್ನದೇ ಪುಸ್ತಕ ತೆರೆದು ಬೇರೆಯಾಯಿತು. ಮರಿ ಹುಟ್ಟಿದರೆ ಸಾಲದು, ಡಿಎನ್‌ಎ ಪರೀಕ್ಷೆಯಿಂದ ತಂದೆ ತಾಯಿ ಖಚಿತವಾಗಬೇಕು. ಬೆಳೆದ ಮೇಲೆ ಪರಿಶೀಲಕರು ಅಳೆದು, ನಡೆಸಿ ನೋಡಿ ಒಪ್ಪಿದರಷ್ಟೇ ಅದರ ಮರಿಗಳಿಗೆ ಪುಸ್ತಕದಲ್ಲಿ ಜಾಗ.

ಹೌರ್ಸ್ ಆಟದಲ್ಲಿ 'ಬ್ಲಪ್' ಎಂಬ ಅಂಕವಿದೆ. ಆಡುವವರೆಲ್ಲ ಅದನ್ನು ಮೈನಸ್ ನೂರರಿಂದ ಪ್ಲಸ್ ನೂರಕ್ಕೆ ಏರಿಸಲು ದಿನಗಟ್ಟಲೆ ದುಡಿಯುತ್ತಾರೆ. ಹೆಸರು ಬಂದದ್ದು ನಿಜದ ತಳಿ ವಿಜ್ಞಾನದಿಂದ. ಅಮೆರಿಕದ ಚಾರ್ಲ್ಸ್ ಹೆಂಡರ್ಸನ್ ಹಾಲಿನ ತಳಿಗಳ ಹೋರಿ ಆಯ್ಕೆಗಾಗಿ ರೂಪಿಸಿದ ಸಂಖ್ಯಾಶಾಸ್ತ್ರದ ವಿಧಾನ ಅದು, ಇಂದು ಜಗತ್ತಿನ ಪಶುತಳಿ ಯೋಜನೆಗಳ ಬೆನ್ನೆಲುಬು. ಒಂದು ಕುದುರೆಯನ್ನಷ್ಟೇ ನೋಡದೆ ಅದರ ತಂದೆ, ತಾಯಿ, ಒಡಹುಟ್ಟಿದವು, ಮರಿಗಳು ಎಲ್ಲದರ ಮಾಹಿತಿ ಸೇರಿಸಿ, ಸವಾರನ ಕೌಶಲ, ತೀರ್ಪುಗಾರರ ಒಲವು, ಸಾಕಣೆಯ ಅನುಕೂಲ ಇವುಗಳ ಪ್ರಭಾವವನ್ನು ಕಳೆದು, ಉಳಿದ ಹುಟ್ಟುಗುಣ ಎಷ್ಟು ಎಂದು ಅಂದಾಜು ಮಾಡುತ್ತದೆ. ಶುದ್ಧ ಸ್ಪ್ಯಾನಿಷ್ ತಳಿಯ ಎಳೆಯ ಕುದುರೆಗಳಲ್ಲಿ ಯಾವುದನ್ನು ಸಂತಾನಕ್ಕೆ ಶಿಫಾರಸು ಮಾಡಬೇಕು ಎಂದು ತೀರ್ಮಾನಿಸುವಾಗ ಈ ವಿಧಾನವನ್ನೇ ಬಳಸುತ್ತಾರೆ.

ಆಟದಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ಅಲ್ಲಿ ತರಬೇತಿ ಮುಗಿಸಿ, ಸ್ಪರ್ಧೆ ಗೆದ್ದು, ಹತ್ತು ವರ್ಷ ತುಂಬಿದ ಹಾಗೆಲ್ಲ ಬ್ಲಪ್ ಏರುತ್ತದೆ, ಏರಿದ ಬ್ಲಪ್ ಮರಿಗೆ ಲಾಭ ತರುತ್ತದೆ. ಅಂದರೆ ಅಪ್ಪ ಬೆವರು ಸುರಿಸಿ ಕಲಿತದ್ದು ಮಗನ ರಕ್ತಕ್ಕೆ ಇಳಿಯುತ್ತದೆ ಎಂಬ ನಂಬಿಕೆ. ಜೀವವಿಜ್ಞಾನ ನೂರು ವರ್ಷದ ಹಿಂದೆಯೇ ಕೈಬಿಟ್ಟ ವಿಚಾರವಿದು. ತರಬೇತಿಯ ಫಲವನ್ನು ಕಳೆದು ನೋಡಲು ಹುಟ್ಟಿದ ವಿಧಾನದ ಹೆಸರನ್ನೇ ತರಬೇತಿಯ ಫಲಕ್ಕೆ ಇಟ್ಟಿದ್ದಾರೆ. ಆಟ ಆಡಿಸಲು ಶ್ರಮಕ್ಕೆ ಬಹುಮಾನ ಕೊಡಬೇಕು, ಅದು ಗೊತ್ತು. ಬೇರೆ ಹೆಸರು ಇಟ್ಟಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ.

ಇನ್ನೂ ದೊಡ್ಡ ಕೊರತೆ ಹತ್ತಿರದ ರಕ್ತಸಂಬಂಧದ್ದು. ಬೆಸ್ಟ್ ಗಂಡು ಒಂದಿದ್ದರೆ ಎಲ್ಲರೂ ಅದರ ಮರಿಯನ್ನೇ ಬಯಸುತ್ತಾರೆ, ಆಟದಲ್ಲೂ ನಿಜದಲ್ಲೂ. ಹೆಚ್ಚಿನ ಆಟಗಳಲ್ಲಿ ಅದಕ್ಕೆ ತಕ್ಕ ದಂಡವಿಲ್ಲ. ಶುದ್ಧ ಸ್ಪ್ಯಾನಿಷ್ ತಳಿಯ ವಂಶಾವಳಿಗಳನ್ನು ಜಾಲಾಡಿ 2005ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅದರ ಸರಾಸರಿ ಒಳಸಂಬಂಧದ ಪ್ರಮಾಣ ಶೇ 8ಕ್ಕಿಂತ ಹೆಚ್ಚು. ಈ ಅಂಕಿಯನ್ನು ನಮ್ಮ ಲೆಕ್ಕದಲ್ಲಿ ಹೇಳುವುದು ಸುಲಭ. ಅತ್ತೆಯ ಮಗನನ್ನೋ ಮಾವನ ಮಗಳನ್ನೋ ಮದುವೆಯಾದರೆ ಮಗುವಿನಲ್ಲಿ ಈ ಪ್ರಮಾಣ ಶೇ 6.25, ಸೋದರಮಾವನನ್ನೇ ಮದುವೆಯಾದರೆ ಶೇ 12.5. ಅಂದರೆ ಆ ತಳಿಯ ಸರಾಸರಿ ಕುದುರೆ ಸೋದರಿಕೆಯ ಮದುವೆಗೂ ಸೋದರಮಾವನ ಮದುವೆಗೂ ನಡುವೆ ಎಲ್ಲೋ ಹುಟ್ಟಿದೆ. ಅದೂ ಒಂದು ತಲೆಮಾರಿನ ಮಾತಲ್ಲ, ಹಲವು ತಲೆಮಾರುಗಳಲ್ಲಿ ಹೆಪ್ಪುಗಟ್ಟಿದ್ದು. ಹೆರೆಸ್‌ನ ಕಾರ್ಟುಜಾ ಸನ್ಯಾಸಿಮಠದ ಹೆಸರಿನಲ್ಲಿ ಬರುವ ಕಾರ್ಟುಜಾನೊ ಒಳತಳಿಯಲ್ಲಿ ಪ್ರಮಾಣ ಇನ್ನೂ ಮೇಲೆ. 'ಅಪ್ಪಟ' ಎಂಬ ಹೊಗಳಿಕೆಯ ಹಿಂದೆ ಇರುವ ಬೆಲೆ ಇದು.

ಕುದುರೆ ಬೇಡವಾದಾಗ ಏನಾಗುತ್ತದೆ? ಆಟದಲ್ಲಿ ಅದು ಪರದೆಯ ಹಿಂದೆ ನಿಂತಿರುತ್ತದೆ, ಮೇವು ಕೇಳುವುದಿಲ್ಲ. ಸ್ಪೇನಿನಲ್ಲಿ 2000ದ ದಶಕದ ಕಟ್ಟಡ ನಿರ್ಮಾಣದ ಉಬ್ಬರದಲ್ಲಿ ಹೊಸದಾಗಿ ಹಣ ಕಂಡವರು ಪ್ರತಿಷ್ಠೆಗಾಗಿ ಆಂಡಲೂಸಿಯನ್ ಕುದುರೆ ಕೊಂಡರು, ಸಾಕಣೆದಾರರು ಬೇಡಿಕೆಗೆ ತಕ್ಕಂತೆ ಮರಿ ಮಾಡಿಸುತ್ತಾ ಹೋದರು. 2008ರಲ್ಲಿ ಗುಳ್ಳೆ ಒಡೆಯಿತು. ತಿಂಗಳ ಮೇವು, ಲಾಳ, ಪಶುವೈದ್ಯರ ಖರ್ಚು ಭರಿಸಲಾರದೆ ಕೆಲವರು ಕುದುರೆಗಳನ್ನು ಬಯಲಿಗೆ ಬಿಟ್ಟರು. ಸಾವಿರಾರು ಕುದುರೆಗಳು ಕಸಾಯಿಖಾನೆ ಸೇರಿದವು, ಅವುಗಳಲ್ಲಿ ದಫ್ತರದಲ್ಲಿ ಹೆಸರಿದ್ದವೂ ಇದ್ದವು. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1987ರಲ್ಲಿ, ಮ್ಯಾಡ್ರಿಡ್ ಬಳಿಯ ಸಫಾರಿ ಪಾರ್ಕಿಗೆ ನಮೀಬಿಯಾದಿಂದ ತಂದ ಜೀಬ್ರಾಗಳ ಜೊತೆ ಆಫ್ರಿಕನ್ ಹಾರ್ಸ್ ಸಿಕ್‌ನೆಸ್ ರೋಗ ಬಂದು, 1990ರವರೆಗೆ ಸ್ಪೇನನ್ನು ಕಾಡಿ, ನಡುವೆ ಪೋರ್ಚುಗಲ್ಲಿಗೂ ದಾಟಿತ್ತು. ಕುದುರೆ ಸಾಕುವ ಮನೆಯವರಿಗೆ ಇವೆಲ್ಲ ನೆನಪಿನಲ್ಲಿರುವ ವರ್ಷಗಳು.

ಆಟಗಳು ತೀರಾ ಮರೆತಿರುವುದು ಐಬೀರಿಯಾದ ಚಿಕ್ಕ ಕುದುರೆಗಳನ್ನು. ಉತ್ತರ ಪೋರ್ಚುಗಲ್ಲಿನ ಗರಾನೊ, ಅಸ್ಟೂರಿಯಾಸ್‌ನ ಅಸ್ಟುರ್ಕೋನ್, ಬಾಸ್ಕ್ ನಾಡಿನ ಪೊಟ್ಟೋಕಾ, ಬುರ್ಗೋಸ್ ಕಡೆಯ ಲೊಸೀನೊ, ದೊನ್ಯಾನಾ ಜೌಗುಭೂಮಿಯ ರೆಟುಎರ್ಟಾಸ್. ಗಾತ್ರ ಚಿಕ್ಕದು, ಬಣ್ಣ ಸಾದಾ, ಮೆರವಣಿಗೆಗೆ ಬರುವಂಥವಲ್ಲ. ಗಲಿಸಿಯಾದ ಬೆಟ್ಟಗಳಲ್ಲಿ ಅರೆಕಾಡು ಕುದುರೆಗಳು ಗೋರ್ಸ್ ಎಂಬ ಮುಳ್ಳುಪೊದೆಯನ್ನು ಮೇಯುತ್ತವೆ. ಅವುಗಳ ಮೇಲ್ದುಟಿಯ ಮೇಲೆ ಒತ್ತಾದ ಮೀಸೆ ಇರುತ್ತದೆ, ಆ ಮುಳ್ಳು ತಿನ್ನುವ ಬಾಯಿಗೆ ಅದು ಆಸರೆ. ಗೋರ್ಸ್ ಎಣ್ಣೆಯಂಶದ ಗಿಡ, ಬೇಸಿಗೆಯಲ್ಲಿ ಕಿಡಿ ಬಿದ್ದರೆ ಧಗ್ಗೆಂದು ಉರಿಯುತ್ತದೆ. ಕುದುರೆ ಮೇಯ್ದ ಕಡೆ ಪೊದೆ ತಗ್ಗಿ, ಬೆಂಕಿಗೆ ಸಿಗುವ ಉರುವಲು ಕಡಿಮೆಯಾಗುತ್ತದೆ. 2025ರ ಆಗಸ್ಟಿನಲ್ಲಿ ಗಲಿಸಿಯಾದ ಔರೆನ್ಸೆ ಪ್ರಾಂತ ಹೊತ್ತಿ ಉರಿದಾಗ ಈ ಕುದುರೆಗಳ ಕೆಲಸದ ಬೆಲೆ ಮತ್ತೆ ಚರ್ಚೆಗೆ ಬರಬೇಕಿತ್ತು ಎಂದು ನನಗನ್ನಿಸುತ್ತದೆ. ಯಾಕೆಂದರೆ ಅವುಗಳ ಸಂಖ್ಯೆ ಇಳಿಯುತ್ತಲೇ ಇದೆ. ಗರಾನೊಗಳಿಗೆ ತೋಳದ ಕಾಟ ಬೇರೆ. ಮರಿಗಳಲ್ಲಿ ಬಹಳಷ್ಟು ಅದಕ್ಕೇ ಬಲಿ.

ಇವುಗಳಲ್ಲೆಲ್ಲ ಹೆಚ್ಚು ಕಳವಳದ ಸ್ಥಿತಿ ಸೊರಾಯಿಯಾದ್ದು. 1920ರಲ್ಲಿ ಪೋರ್ಚುಗಲ್ಲಿನ ಪ್ರಾಣಿಶಾಸ್ತ್ರಜ್ಞ ರುಯಿ ದ ಅಂದ್ರಾದೆ ಸೊರಾಯಿಯಾ ನದಿ ಬಯಲಿನಲ್ಲಿ ಬೇಟೆಗೆ ಹೋಗಿದ್ದಾಗ ಹಿಂಡೊಂದು ಕಣ್ಣಿಗೆ ಬಿತ್ತು: ಬೂದಿ ಬಣ್ಣದ ಮೈ, ಬೆನ್ನುದ್ದಕ್ಕೂ ಕಪ್ಪು ಗೆರೆ, ಕಾಲಿನ ಮೇಲೆ ಪಟ್ಟೆ. 1937ರಲ್ಲಿ ಅವರು ಇಂಥ ಹನ್ನೆರಡರ ಆಸುಪಾಸಿನಷ್ಟು ಕುದುರೆಗಳನ್ನು ಒಟ್ಟುಹಾಕಿ ಉಳಿಸಲು ಹೊರಟರು. ಇಂದಿನ ಎಲ್ಲ ಸೊರಾಯಿಯಾಗಳೂ ಅವುಗಳ ಸಂತತಿ. ಒಟ್ಟು ಕೆಲವೇ ನೂರು. ತಾಯಿಯ ಕಡೆಯಿಂದ ನೋಡಿದರೆ ಉಳಿದಿರುವುದು ಎರಡೇ ಸಂತಾನಸರಣಿ. ಇದೇ ಐಬೀರಿಯಾದ ಆದಿಮ ಕುದುರೆ, ಆಂಡಲೂಸಿಯನ್ನಿನ ಮೂಲಪುರುಷ ಎಂಬುದು ಅಂದ್ರಾದೆಯವರ ನಂಬಿಕೆಯಾಗಿತ್ತು. ಪ್ರಾಚೀನ ಡಿಎನ್‌ಎ ಅದನ್ನು ಒಪ್ಪುತ್ತಿಲ್ಲ. ಐಬೀರಿಯಾದಲ್ಲಿ ನಾಲ್ಕೈದು ಸಾವಿರ ವರ್ಷದ ಹಿಂದೆ ಇದ್ದ ಕುದುರೆಗಳ ಬೇರೆಯದೇ ಕವಲೊಂದನ್ನು 2019ರ ಅಧ್ಯಯನ ಗುರುತಿಸಿತು, ಅದು ಹೆಚ್ಚುಕಡಿಮೆ ಅಳಿದುಹೋಗಿದೆ. ಇಂದಿನ ಸಾಕು ಕುದುರೆಗಳೆಲ್ಲ ವೋಲ್ಗಾ-ಡಾನ್ ನದಿಗಳ ಹುಲ್ಲುಗಾವಲಿನಿಂದ ಹರಡಿದವು ಎಂದು 2021ರಲ್ಲಿ ಖಚಿತವಾಯಿತು. ಸೊರಾಯಿಯಾ ಉಳಿಯಬೇಕಾದ್ದು ಅದು ಆದಿಮ ಎಂಬ ಕಾರಣಕ್ಕಲ್ಲ. ಅದರಲ್ಲಿರುವ ಜೀನ್‌ಗಳ ಜೋಡಣೆ ಬೇರೆಲ್ಲೂ ಸಿಗುವುದಿಲ್ಲ, ಅಷ್ಟು ಸಾಕು.

ಇದು ದೂರದೇಶದ ಚಿಂತೆ ಮಾತ್ರವೂ ಅಲ್ಲ. ಭೀಮಾ ನದಿಯ ಕಣಿವೆಯಲ್ಲಿ ಕುರಿಗಾಹಿಗಳ ಸರಂಜಾಮು ಹೊರುವ ಗಿಡ್ಡ ಭೀಮಥಡಿ ಕುದುರೆಗೆ ಅಧಿಕೃತ ತಳಿಯೆಂಬ ಮನ್ನಣೆ ಸಿಕ್ಕಿದ್ದು ತೀರಾ ಈಚೆಗೆ. ಮಾರ್ವಾರಿಯ ಒಳಬಾಗಿದ ಕಿವಿಯನ್ನು ಜಗತ್ತು ಬಲ್ಲದು, ಇದನ್ನು ಬಲ್ಲವರು ಕಡಿಮೆ.

ಆಟಗಳಿಗೆ ಇದೆಲ್ಲ ಹೊರಲಾರದ ಭಾರ ಎಂದು ನಾನು ಒಪ್ಪುವುದಿಲ್ಲ. ಹಾರ್ಸ್ ರಿಯಾಲಿಟಿ ಆಡುವ ಹದಿನಾಲ್ಕು ಹದಿನೈದರ ಮಕ್ಕಳು ಬೂದು, ಕ್ರೀಮ್ ಜೀನ್‌ಗಳ ಹಂಚಿಕೆಯನ್ನು ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ವಿವರಿಸುತ್ತಾರೆ. ಅಷ್ಟು ಕಲಿಯಬಲ್ಲವರಿಗೆ ಇನ್ನೊಂದು ಹೆಜ್ಜೆ ಕಷ್ಟವಲ್ಲ. ಸೊರಾಯಿಯಾದ ಕಥೆಯೇ ಒಂದು ಆಟದ ಚೌಕಟ್ಟು. ಶುರುವಿಗೆ ಹನ್ನೆರಡು ಕುದುರೆ, ಎರಡು ತಾಯಿಸರಣಿ, ಪ್ರತಿ ಆಟಗಾರನ ಲಾಯದಲ್ಲಿ ಒಂದೆರಡೇ. ಯಾವ ಸರಣಿಯಲ್ಲಾದರೂ ಕೊನೆಯ ಹೆಣ್ಣು ಒಂದೂ ಹೆಣ್ಣುಮರಿ ಹಾಕದೆ ಸತ್ತರೆ ಆ ಸರಣಿ ಮುಗಿಯಿತು, ದುಡ್ಡು ಕೊಟ್ಟರೂ ಹಿಂದಕ್ಕೆ ಬಾರದು. ಹತ್ತಿರದ ರಕ್ತ ಕೂಡಿದಂತೆ ಮರಿಗಳು ಬಡಕಲಾಗುತ್ತವೆ. ಗೆಲ್ಲಬೇಕಾದರೆ ತನ್ನ ಒಳ್ಳೆಯ ಗಂಡನ್ನು ಇನ್ನೊಬ್ಬನ ಲಾಯಕ್ಕೆ ಕಳಿಸಲೇಬೇಕು. ನಿಜದಲ್ಲೂ ಹಾಗೆಯೇ ಆಯಿತು: 1976ರಲ್ಲಿ ಮೂರು ಗಂಡು, ಮೂರು ಹೆಣ್ಣು ಸೊರಾಯಿಯಾಗಳು ಪೋರ್ಚುಗಲ್ಲಿನಿಂದ ಜರ್ಮನಿಗೆ ಹೋದವು, ಅಲ್ಲೊಂದು ಎರಡನೆಯ ಹಿಂಡು ಬೆಳೆಯಿತು. ಒಂದೂರಿನಲ್ಲಿ ರೋಗ ಬಂದರೂ ಇನ್ನೊಂದೂರಿನಲ್ಲಿ ತಳಿ ಉಳಿಯಲು ಈಗ ಅವಕಾಶವಿದೆ.